ಪಿಯುಸಿಯಲ್ಲಿ 94 ತೆಗೆದವನಿಗೆ ಅಲ್ಲಿ 58 ಯಾಕೆ?

ಪ್ರಶ್ನೆ: ಮಗ ತುಮಕೂರಿನಲ್ಲಿ ಪಿಯುಸಿ ಓದಿ ಶೇ. 94 ತೆಗೆದಿದ್ದ. ಈಗ ಇಂಗ್ಲೆಂಡಿನಲ್ಲಿ ಕಂಪ್ಯೂಟಿಂಗ್ ಮತ್ತು ಬಿಸಿನೆಸ್ ಪದವಿಯ ಮೊದಲ ವರ್ಷ. ಪ್ರೋಗ್ರಾಮಿಂಗ್‌ಗೆ 58, ಬಿಸಿನೆಸ್‌ಗೆ 52, ಡೇಟಾಬೇಸ್‌ಗೆ 36 ಬಂದಿದೆ. ಓದುತ್ತಿಲ್ಲ ಅಂತ ಬೈದೆ. ಈಗ ಫೋನೇ ಎತ್ತುತ್ತಿಲ್ಲ.
— ಒಬ್ಬ ತಂದೆ, ತಿಪಟೂರು

ಉತ್ತರ: 58ಕ್ಕೂ 52ಕ್ಕೂ ಬೈದದ್ದನ್ನು ವಾಪಸ್ ತೆಗೆದುಕೊಳ್ಳಿ. ಅಲ್ಲಿ 70 ದಾಟಿದರೆ ಫಸ್ಟ್ ಕ್ಲಾಸ್. 60ರಿಂದ 69 ಅಪ್ಪರ್ ಸೆಕೆಂಡ್, ಹುಡುಗರು ‘ಟೂ ಒನ್’ ಅನ್ನುವುದು ಇದನ್ನೇ. 50ರಿಂದ 59 ಲೋಯರ್ ಸೆಕೆಂಡ್, 40 ಬಂದರೆ ಪಾಸು. ಬರವಣಿಗೆಯ ವಿಷಯಗಳಲ್ಲಿ 80 ಕಾಣುವುದೇ ಅಪರೂಪ. ನಮ್ಮ ಪಿಯುಸಿ ತಕ್ಕಡಿಯಲ್ಲಿ ಇದನ್ನು ತೂಗಿದರೆ ತಪ್ಪಾಗುತ್ತದೆ.

ಚಿಂತೆ ಮಾಡಬೇಕಾದ್ದು 36ರ ಬಗ್ಗೆ. ವಿಷಯ ಪಾಸಾದರೆ ಸಿಗುವ ಲೆಕ್ಕಕ್ಕೆ ಅಲ್ಲಿ ಕ್ರೆಡಿಟ್ ಅನ್ನುತ್ತಾರೆ; ಪದವಿಗೆ ಮೂರು ವರ್ಷಕ್ಕೆ 360, ವರ್ಷಕ್ಕೆ 120. ಇಂಗ್ಲೆಂಡಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಅಂಕ ಪದವಿಯ ದರ್ಜೆಗೆ ಸೇರುವುದಿಲ್ಲ, ಪಾಸಂತೂ ಆಗಲೇಬೇಕು. ಮರುಪರೀಕ್ಷೆ ಸಾಮಾನ್ಯವಾಗಿ ಅಲ್ಲಿನ ಬೇಸಿಗೆಯಲ್ಲಿ ಇರುತ್ತದೆ. ಅದರಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಹೆಚ್ಚಿನ ಕಡೆ 40ರ ಮೇಲೆ ಕೊಡುವುದಿಲ್ಲ. ಮೊದಲ ವರ್ಷ ಲೆಕ್ಕಕ್ಕಿಲ್ಲ ಅಂತ ಹುಡುಗರು ಆರಾಮಾಗಿರುವುದೂ ಉಂಟು. ಆದರೆ ಎರಡನೇ ವರ್ಷದಲ್ಲಿ ಪ್ಲೇಸ್‌ಮೆಂಟ್‌ಗೆ, ಅಂದರೆ ಓದಿನ ನಡುವೆ ಕಂಪನಿಯಲ್ಲಿ ಮಾಡುವ ಕೆಲಸಕ್ಕೆ, ಅರ್ಜಿ ಹಾಕುವಾಗ ಕೈಲಿರುವುದು ಈ ಅಂಕಗಳೇ.

ಅಂಕ ಎಲ್ಲಿ ಸೋರುತ್ತದೆ? ಕೋಡ್ ಓಡಿದರೆ ಮುಗಿಯಿತು ಅಂದುಕೊಳ್ಳುವಲ್ಲಿ. ಲಾಗಿನ್ ಪುಟವೊಂದನ್ನು ಮಾಡಿ, ಒಳಗೆ ಹೋದ ಒಂದು ಸ್ಕ್ರೀನ್‌ಶಾಟ್ ಹಚ್ಚಿ ಕಳಿಸುತ್ತಾರೆ. ಮೌಲ್ಯಮಾಪಕರು ಕೇಳುವುದು ಬೇರೆ: ಪಾಸ್‌ವರ್ಡ್ ಖಾಲಿ ಬಿಟ್ಟರೆ? ಇನ್ನೂರು ಅಕ್ಷರ ತುಂಬಿದರೆ? ನಡುವೆ ಒಂದು ಉದ್ಧರಣ ಚಿಹ್ನೆ ಹಾಕಿದರೆ? ಕೊಟ್ಟದ್ದೇನು, ಬರಬೇಕಾದ್ದೇನು, ಬಂದದ್ದೇನು ಎಂಬ ಮೂರು ಕಾಲಂ ಬೇಕು; ಕೆಟ್ಟದ್ದನ್ನೂ ಬರೆದು ಯಾಕೆ ಕೆಟ್ಟಿತು ಅನ್ನಬೇಕು. ಬಿಸಿನೆಸ್‌ನಲ್ಲಿ ಸ್ವಾಟ್‌ನ ನಾಲ್ಕು ಚೌಕ (ಕಂಪನಿಯ ಬಲ, ದೌರ್ಬಲ್ಯ, ಅವಕಾಶ, ಅಪಾಯ) ತುಂಬಿಸಿ ‘ದೌರ್ಬಲ್ಯ: ಬೆಲೆ ಹೆಚ್ಚು’ ಎಂದು ಬಿಟ್ಟರೆ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಯಾರಿಗಿಂತ ಹೆಚ್ಚು, ಆಧಾರ ಯಾವುದು, ಹಾಗಾದರೆ ಕಂಪನಿ ಮಾಡಬೇಕಾದ್ದೇನು ಎಂಬ ವಾದಕ್ಕೇ ಮೇಲಿನ ಅಂಕ.

ಡೇಟಾಬೇಸ್‌ನಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ನಾರ್ಮಲೈಸೇಶನ್‌ನಲ್ಲಿ, ಅಂದರೆ ಒಂದೇ ಮಾಹಿತಿ ಹಲವು ಕಡೆ ಬರದಂತೆ ಪಟ್ಟಿಗಳನ್ನು ಬೇರ್ಪಡಿಸುವುದರಲ್ಲಿ. ನಿಮ್ಮೂರ ಕೊಬ್ಬರಿ ಮಂಡಿಯನ್ನೇ ತೆಗೆದುಕೊಳ್ಳಿ. ಪ್ರತಿ ಬಿಲ್ಲಿನಲ್ಲೂ ರೈತನ ಫೋನ್ ನಂಬರ್ ಬರೆದಿದ್ದರೆ, ನಂಬರ್ ಬದಲಾದ ದಿನ ಐವತ್ತು ಬಿಲ್ ತಿದ್ದಬೇಕು. ಒಂದು ಬಿಟ್ಟುಹೋದರೂ ಲೆಕ್ಕ ಕೆಟ್ಟಿತು. ರೈತರ ಪಟ್ಟಿ ಬೇರೆ, ಬಿಲ್ಲುಗಳ ಪಟ್ಟಿ ಬೇರೆ ಇಟ್ಟು, ಬಿಲ್ಲಿನಲ್ಲಿ ರೈತನ ಸಂಖ್ಯೆ ಮಾತ್ರ ಬರೆಯುವುದೇ ಉಪಾಯ. ಮಗ ಇದನ್ನು ಬಾಯಲ್ಲಿ ವಿವರಿಸಬಲ್ಲನಾ ಕೇಳಿ ನೋಡಿ; ಫೋನ್ ಎತ್ತಿಸಲು ಒಂದು ನೆಪವೂ ಆಯಿತು. ಗೆಳೆಯನ ಕೋಡ್ ನೋಡಿ ಬರೆಯಬೇಡ ಅಂತಲೂ ಹೇಳಿ. ಸಿಕ್ಕಿಬಿದ್ದರೆ ಕೊಟ್ಟವನಿಗೂ ಶಿಕ್ಷೆ.

ಪ್ರಶ್ನೆ: ಮಗಳಿಗೆ ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್‌ಗೆ ಸೀಟು ಸಿಕ್ಕಿದೆ. ಟೊಮೆಟೊ ದುಡ್ಡಿದೆ, ನನ್ನ ತಮ್ಮ ಐದು ಲಕ್ಷ ಕೊಡುತ್ತಾನೆ, ಎರಡು ಎಕರೆ ಪಹಣಿ ಇದೆ. ವೀಸಾಕ್ಕೆ ಆಗುತ್ತದಾ?
— ಗೃಹಿಣಿ, ಶ್ರೀನಿವಾಸಪುರ

ಉತ್ತರ: ಪಹಣಿ, ಒಡವೆ ಯಾವುದೂ ಲೆಕ್ಕಕ್ಕಿಲ್ಲ. ದುಡ್ಡು ಮಗಳ ಖಾತೆಯಲ್ಲೋ ಅಪ್ಪ ಅಮ್ಮನ ಖಾತೆಯಲ್ಲೋ ಇರಬೇಕು. ಸೋದರಮಾವನ ಖಾತೆ ನಡೆಯುವುದಿಲ್ಲ. ಅವರು ನಿಮ್ಮ ಖಾತೆಗೆ ಹಾಕಲಿ. ಪೂರ್ತಿ ಮೊತ್ತ ಸೇರಿದ ದಿನದಿಂದ ಸತತ 28 ದಿನ ಅದು ಕೆಳಗಿಳಿಯಬಾರದು. ಸ್ಟೇಟ್‌ಮೆಂಟಿನ ಕೊನೆಯ ದಿನ ಅರ್ಜಿಗೆ 31 ದಿನದ ಒಳಗಿನದಾಗಿರಬೇಕು.

ಮೊತ್ತ ಎಂದರೆ ಮೊದಲ ವರ್ಷದ ಶುಲ್ಕದಲ್ಲಿ ಕಟ್ಟಬೇಕಾದ ಬಾಕಿ, ಜೊತೆಗೆ ಒಂಬತ್ತು ತಿಂಗಳ ಖರ್ಚು. 2025ರ ನವೆಂಬರ್ 11ರಿಂದ ಈ ಖರ್ಚಿನ ಲೆಕ್ಕ ಲಂಡನ್ನಿನ ಹೊರಗೆ ತಿಂಗಳಿಗೆ 1,171 ಪೌಂಡ್, ಅಂದರೆ 10,539. ಲಂಡನ್ನಿನಲ್ಲಾದರೆ 1,529ರಂತೆ 13,761. ಪೌಂಡಿನ ದರ ಏರಿಳಿಯುವುದರಿಂದ ಒಂದಿಷ್ಟು ಹೆಚ್ಚೇ ಇಡಿ.

ಕೆಡುವುದು ಹೀಗೆ: ಹತ್ತೊಂಬತ್ತನೇ ದಿನ ಡ್ರಿಪ್ ಪೈಪಿಗೆ ಅಂತ ಯಾರೋ ಇಪ್ಪತ್ತು ಸಾವಿರ ತೆಗೆಯುತ್ತಾರೆ, ಇಲ್ಲವೇ ಬೆಳೆಸಾಲದ ಕಂತು ತಾನಾಗಿ ಕಟ್ ಆಗುತ್ತದೆ. ಎಣಿಕೆ ಮತ್ತೆ ಒಂದರಿಂದ. ಆದ್ದರಿಂದ ಯಾವ ಕಂತೂ ಜೋಡಿಸದ ಬೇರೆ ಖಾತೆ ತೆರೆಯಿರಿ. ಹೆತ್ತವರ ದುಡ್ಡು ತೋರಿಸುವಾಗ ಮಗಳ ಜನನ ಪ್ರಮಾಣಪತ್ರ ಮತ್ತು ನಿಮ್ಮ ಒಪ್ಪಿಗೆ ಪತ್ರ ಬೇಕು. ನಮ್ಮ ಕಡೆ ಇನಿಷಿಯಲ್ ಕಾಟ ಗೊತ್ತಲ್ಲ: ಒಂದರಲ್ಲಿ ವೆಂಕಟೇಶಪ್ಪ, ಇನ್ನೊಂದರಲ್ಲಿ ವೆಂಕಟೇಶ್ ಕೆ.ವಿ. ಅದನ್ನು ಈಗಲೇ ಸರಿಮಾಡಿಸಿ. ಮಗಳ ಹೆಸರಿನಲ್ಲಿ ಬ್ಯಾಂಕ್ ಶಿಕ್ಷಣ ಸಾಲ ಮಂಜೂರಾಗಿದ್ದರೆ ಆ ಮೊತ್ತಕ್ಕೆ 28 ದಿನದ ನಿಯಮವಿಲ್ಲ. ವೀಸಾ ಶುಲ್ಕದ ಜೊತೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ಅದೂ ಕೋರ್ಸಿನ ಪೂರ್ತಿ ಅವಧಿಗೆ ಮುಂಗಡ. ಟಿಬಿ ಪರೀಕ್ಷೆಯನ್ನೂ ಮರೆಯಬೇಡಿ.

ಪ್ರಶ್ನೆ: ಇಲ್ಲಿನ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ದುಡಿಯುತ್ತಿದ್ದೇನೆ. ಓದಲು ಲಂಡನ್ನಿಗೆ ಹೋದಮೇಲೂ ರಾತ್ರಿ ಹೊತ್ತು ಮಾಡಬಹುದೇ?
— ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಇಲ್ಲ. ಅಲ್ಲಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ, ಫ್ರೀಲಾನ್ಸ್ ಎರಡೂ ನಿಷಿದ್ಧ. ಗಿರಾಕಿ ಚಿಂತಾಮಣಿಯಲ್ಲಿದ್ದರೂ ಕೆಲಸ ಮಾಡುವವರು ಕೂತಿರುವುದು ಲಂಡನ್ನಿನಲ್ಲಿ. ಸಂಬಳದ ಕೆಲಸವಾದರೆ ಪದವಿ ವಿದ್ಯಾರ್ಥಿಗೆ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ. ವಾರವೆಂದರೆ ಸೋಮವಾರದಿಂದ ಭಾನುವಾರ. ಈ ವಾರ 25, ಮುಂದಿನ ವಾರ 15 ಅಂತ ಸರಿದೂಗಿಸುವಂತಿಲ್ಲ. ಎರಡು ಕಡೆ ದುಡಿದರೆ ಎರಡೂ ಕೂಡಿಸಿ ಲೆಕ್ಕ. ಗಿರಾಕಿಗಳನ್ನು ವಿಮಾನ ಹತ್ತುವ ಮೊದಲೇ ನಂಬಿಕಸ್ಥ ಗೆಳೆಯರಿಗೆ ಒಪ್ಪಿಸಿ. ಡೊಮೇನ್ (ವೆಬ್‌ಸೈಟಿನ ವಿಳಾಸ) ನಿಮ್ಮ ಹೆಸರಿನಲ್ಲಿದ್ದರೆ ಅಂಗಡಿಯವರ ಹೆಸರಿಗೆ ಬದಲಾಯಿಸಿಬಿಡಿ.