ಸಂಡೂರಿನಿಂದ ಫ್ರೈಬೆರ್ಗ್‌ಗೆ ಒಂದು ಸೆಮಿಸ್ಟರ್: ಹೊಲ ಅಡ ಇಡಬೇಕೇ?

ನೀವು ಬರೆದಿರುವುದು ಇಷ್ಟು: ಬಳ್ಳಾರಿ ಜಿಲ್ಲೆಯಲ್ಲಿ ಖನಿಜ ಸಂಸ್ಕರಣೆ ಓದುತ್ತಿದ್ದೀರಿ. ಜರ್ಮನಿಯ ಫ್ರೈಬೆರ್ಗ್‌ನ ಗಣಿ ವಿಶ್ವವಿದ್ಯಾಲಯದಲ್ಲಿ ವಿನಿಮಯ ವಿದ್ಯಾರ್ಥಿಯಾಗಿ ಚಳಿಗಾಲದ ಒಂದು ಸೆಮಿಸ್ಟರ್ ಓದುವ ಅವಕಾಶ ಬಂದಿದೆ. ಮನೆಯಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ತಂದೆ ಹೊಲ ಅಡ ಇಡುವ ಮಾತಾಡುತ್ತಿದ್ದಾರೆ, ನಿಮಗೋ ಇಂಗ್ಲಿಷಿನದೇ ಚಿಂತೆ. ನಾನು ಸಂಡೂರಿನವನು. ಫ್ರೈಬೆರ್ಗ್‌ನಲ್ಲೇ ಒಂದು ಸೆಮಿಸ್ಟರ್ ಓದಿ ಬಂದವನು.

ಹೊಲದ ಮಾತನ್ನು ಸದ್ಯಕ್ಕೆ ನಿಲ್ಲಿಸಿ. ವೀಸಾಕ್ಕಾಗಿ ತೋರಿಸಬೇಕಾದ ‘ಬ್ಲಾಕ್ಡ್ ಅಕೌಂಟ್’ ಹಣವನ್ನು ನಿಮ್ಮ ತಂದೆ ಕಾಲೇಜಿನ ಫೀಸು ಎಂದುಕೊಂಡಿರಬೇಕು. ನಮ್ಮ ಮನೆಯಲ್ಲೂ ಹಾಗೆಯೇ ತಿಳಿದು ಎರಡು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಅದು ಫೀಸಲ್ಲ. ನಿಮ್ಮದೇ ಹೆಸರಿನಲ್ಲಿ ಇಡುವ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ ಇಷ್ಟು ಎಂದು ನಿಮ್ಮ ಖರ್ಚಿಗೇ ಬಿಡುಗಡೆಯಾಗುತ್ತದೆ. 2024ರ ಸೆಪ್ಟೆಂಬರ್‌ನಿಂದ ಇದನ್ನು ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ 992 ಯೂರೊ ಎಂದು ನಿಗದಿ ಮಾಡಿದ್ದಾರೆ. ಆರು ತಿಂಗಳಿಗೆ 5,952. ಯೂರೊವನ್ನು ನೂರು ರೂಪಾಯಿ ಎಂದು ಹಿಡಿದರೆ ಆರು ಲಕ್ಷದ ಹತ್ತಿರ. ದೊಡ್ಡ ಮೊತ್ತವೇ, ಸುಳ್ಳೇಕೆ ಹೇಳಲಿ? ಆದರೆ ಫ್ರೈಬೆರ್ಗ್ ಸುಮಾರು ನಲವತ್ತು ಸಾವಿರ ಜನರ ಪುಟ್ಟ ಊರು. ವಿದ್ಯಾರ್ಥಿನಿಲಯದಲ್ಲಿ ಕೋಣೆ ಸಿಕ್ಕಿ, ಅಡುಗೆ ನೀವೇ ಮಾಡಿಕೊಂಡರೆ ಇದರಲ್ಲಿ ಒಂದಷ್ಟು ಉಳಿಸಿಕೊಂಡೇ ಬರಬಹುದು. ಜೀವನವೆಚ್ಚ ಭರಿಸುವ ವಿದ್ಯಾರ್ಥಿವೇತನ ಸಿಕ್ಕರೆ ಅದರ ಪತ್ರವೇ ಸಾಕು, ಈ ಖಾತೆ ಬೇಕಾಗುವುದಿಲ್ಲ. ಹಾಗಾಗಿ ಮೊದಲು ಡಿಎಎಡಿ ಎಂಬ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯ ವಿದ್ಯಾರ್ಥಿವೇತನಗಳನ್ನು ನೋಡಿ, ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಿ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರದ ಖಾತರಿ ಯೋಜನೆ ಇದೆ, ಅದರಡಿ ಆಸ್ತಿಯ ಅಡಮಾನ ಬೇಕಿಲ್ಲ. ವಿನಿಮಯ ಸೆಮಿಸ್ಟರ್‌ಗೆ ಕೊಡುತ್ತಾರೆಯೇ ಎಂದು ವ್ಯವಸ್ಥಾಪಕರನ್ನು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎನ್ನುವುದು ಅವರಿಗೆ ಬಹಳ ಸುಲಭ. ಅಲ್ಲಿ ಅರೆಕಾಲಿಕ ಕೆಲಸ ಮಾಡಿ ಸಾಲ ತೀರಿಸುವೆ ಎಂಬ ಲೆಕ್ಕ ಮಾತ್ರ ಬೇಡ. ಕಾನೂನು ಅವಕಾಶ ಕೊಡುತ್ತದೆ, ನಿಜ. ಆದರೆ ಜರ್ಮನ್ ಬಾರದವನಿಗೆ ಸಣ್ಣ ಊರಿನಲ್ಲಿ ಕೆಲಸ ಹುಡುಕುವುದರೊಳಗೆ ಸೆಮಿಸ್ಟರ್ ಮುಗಿದಿರುತ್ತದೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಪೂರ್ಣ ಪದವಿಗೆ ಹೋಗುವವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ನಮ್ಮ ಅಂಕಪಟ್ಟಿಗಳು ಅಸಲಿ ಎಂದು ಜರ್ಮನ್ ದೂತಾವಾಸದ ವಿಭಾಗ ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯವಾಗಿದೆ. ನಿಮ್ಮಂಥ ವಿನಿಮಯ ವಿದ್ಯಾರ್ಥಿಗೆ ಬೇಕೇ ಎಂದು ಅಲ್ಲಿನ ಅಂತರರಾಷ್ಟ್ರೀಯ ಕಚೇರಿಗೆ ಈಗಲೇ ಮಿಂಚಂಚೆ ಬರೆಯಿರಿ. ಹತ್ತನೆಯ ತರಗತಿಯ ಅಂಕಪಟ್ಟಿ, ಪಾಸ್‌ಪೋರ್ಟ್, ಆಧಾರ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆ ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಎಲ್ಲ ಒಂದೊಂದು ಕಾಗದದಲ್ಲಿ ಒಂದೊಂದು ಕಡೆ ಕೂತಿರುತ್ತವೆ. ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮನೆ ಕೊಟ್ಟವರ ಸಹಿಯಿರುವ ಪತ್ರವಿಲ್ಲದೆ ಅದು ಆಗುವುದಿಲ್ಲ.

ಪ್ರಯಾಣಕ್ಕೆ ಅಂಜಬೇಕಾದದ್ದೇನೂ ಇಲ್ಲ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು, ಅಲ್ಲಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ, ಮುಂದೆ ರೈಲಿನಲ್ಲಿ ಡ್ರೆಸ್ಡೆನ್ ಕಡೆಗೆ. ಟಿಕೆಟ್ ತೆಗೆಯುವಾಗ ಅಕ್ಷರ ನೋಡಿಕೊಳ್ಳಿ: ಸ್ವಿಟ್ಜರ್ಲೆಂಡ್ ಗಡಿಯ ಬಳಿ ಫ್ರೈಬುರ್ಗ್ ಎಂಬ ಬೇರೆಯೇ ಊರಿದೆ, ದೇಶದ ಇನ್ನೊಂದು ಮೂಲೆಯಲ್ಲಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ವಾರದ ನಡುವೆ ತಲುಪುವಂತೆ ನೋಡಿಕೊಳ್ಳಿ. ದಪ್ಪ ಕೋಟನ್ನು ಇಲ್ಲಿಂದ ಹೊತ್ತೊಯ್ಯಬೇಡಿ, ಅಲ್ಲೇ ಕೊಳ್ಳಿ. ಬಳ್ಳಾರಿಯಲ್ಲಿ ಸಿಗುವ ಸ್ವೆಟರ್ ಅಲ್ಲಿನ ಡಿಸೆಂಬರ್‌ಗೆ ಸಾಲದು. ಆಗ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಚೀಲದಲ್ಲಿ ಕೋಟಿನ ಜಾಗಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತುಂಬಿ. ತುಪ್ಪ, ಪೇಡೆ ಮಾತ್ರ ಬೇಡ; ಹೊರದೇಶದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಅಮ್ಮಂದಿರು ಇದನ್ನು ಒಪ್ಪುವುದಿಲ್ಲ, ಹೊರಡುವ ಮುನ್ನ ಚೀಲವನ್ನು ಇನ್ನೊಮ್ಮೆ ತೆರೆದು ನೋಡಿ.

ಇನ್ನು ಇಂಗ್ಲಿಷ್. ನೀವು ಕೇಳಿದ ಎಲ್ಲದರಲ್ಲಿ ನನಗೆ ಅತ್ಯಂತ ಕಡಿಮೆ ಮುಖ್ಯವೆನಿಸಿದ್ದು ಇದೇ. ಅಲ್ಲಿ ಪಾಠ ಮಾಡುವವರಿಗೂ ಪಕ್ಕದಲ್ಲಿ ಕೂರುವವರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ವ್ಯಾಕರಣ ತಪ್ಪಿದರೆ ಯಾರೂ ನಗುವುದಿಲ್ಲ. ಹೇಳಲು ಏನೂ ಇಲ್ಲದೆ ಕೂತರೆ ಮಾತ್ರ ನಿಮ್ಮನ್ನು ಮರೆತುಬಿಡುತ್ತಾರೆ.

ಬಳ್ಳಾರಿಯವರು ಎಂದ ಕೂಡಲೇ ಅವರು ಕೇಳುವುದು ಬಳ್ಳಾರಿಯನ್ನೇ. ಫ್ರೈಬೆರ್ಗ್‌ನಲ್ಲಿ ಬೆಳ್ಳಿ ಸಿಕ್ಕಿದ್ದು 1168ರಲ್ಲಿ, ಗಣಿ ಶಾಲೆ ಆರಂಭವಾದದ್ದು 1765ರಲ್ಲಿ, ಇಂಡಿಯಂ ಮತ್ತು ಜರ್ಮೇನಿಯಂ ಎಂಬ ಮೂಲಧಾತುಗಳನ್ನು ಕಂಡುಹಿಡಿದದ್ದೂ ಅಲ್ಲಿಯೇ. ಗಣಿಗಾರಿಕೆ ನಿಂತದ್ದು 1969ರಲ್ಲಿ. ಅಂದರೆ ಅದಿರು ಮುಗಿದ ಮೇಲೆ ಹೇಗೆ ಬದುಕಬೇಕು ಎಂಬುದನ್ನು ಕಲಿತ ಊರು ಅದು. ಗಣಿ ಮುಚ್ಚಿದ ನೆಲದ ಕುರಿತ ಸೆಮಿನಾರಿನಲ್ಲಿ ಅವರು ನನ್ನನ್ನು ಸುತ್ತುಗಟ್ಟಿ ಕೇಳಿದರು: ನಿಮ್ಮ ಅದಿರಿನಲ್ಲಿ ಕಬ್ಬಿಣ ಶೇಕಡಾ ಎಷ್ಟು? ತೊಳೆದು ಉಳಿದ ಕೆಸರು ಎಲ್ಲಿಗೆ ಹೋಗುತ್ತದೆ? ಕಡಿದ ಬೆಟ್ಟಕ್ಕೆ ಮಣ್ಣು ಹಾಕುವ ಖರ್ಚು ಯಾರದು? ಧೂಳು ಕೂತ ಬೆಳೆಗೆ ಪರಿಹಾರ ಉಂಟೇ? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ್ದು, ಆಮೇಲೆ ಒಂದೊಂದು ಗಣಿಗೂ ಪುನಶ್ಚೇತನ ಯೋಜನೆ ಕೇಳಿದ್ದು, 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಗಣಿಬಾಧಿತರ ನೆರವಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದದ್ದು, ಇವನ್ನೆಲ್ಲ ನನ್ನ ಒಡಕು ಇಂಗ್ಲಿಷಿನಲ್ಲಿ ಹೇಳಿದೆ. ನಿಗದಿತ ಸಮಯ ಮೀರಿದರೂ ಯಾರೂ ಏಳಲಿಲ್ಲ. ಸಮಯಕ್ಕೆ ಏಳದ ಜರ್ಮನರನ್ನು ನಾನು ನೋಡಿದ್ದು ಆಗ ಮಾತ್ರ.

ಆದ್ದರಿಂದ ಸ್ಪೋಕನ್ ಇಂಗ್ಲಿಷ್ ತರಗತಿಗೆ ಕಟ್ಟಬೇಕೆಂದಿರುವ ಹಣದಲ್ಲಿ ಸಂಡೂರು, ದೋಣಿಮಲೈ, ತೋರಣಗಲ್ಲು ಸುತ್ತಿ ಬನ್ನಿ. ಲಾರಿ ಚಾಲಕರೊಂದಿಗೆ, ರಸ್ತೆ ಬದಿಯ ಹೊಲದವರೊಂದಿಗೆ ಮಾತಾಡಿ, ಫೋಟೊ ತೆಗೆದುಕೊಳ್ಳಿ. ಇನ್ನೊಂದು ಕೊರತೆ ನಮ್ಮವರಿಗಿದೆ: ನಾವು ಬೆಟ್ಟ ಕಡಿಯುವ ತೆರೆದ ಗಣಿ ನೋಡಿ ಬೆಳೆದವರು, ನೆಲದೊಳಗೆ ಇಳಿದವರಲ್ಲ. ಫ್ರೈಬೆರ್ಗ್‌ನವರು ತಮ್ಮ ‘ರೈಖೆ ತ್ಸೆಖೆ’ ಎಂಬ ಕಲಿಕಾ ಗಣಿಗೆ ಸುಮಾರು 150 ಮೀಟರ್ ಕೆಳಗೆ ಪಂಜರದಂಥ ಲಿಫ್ಟಿನಲ್ಲಿ ಇಳಿಸುತ್ತಾರೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಅದಕ್ಕಿಂತ ಎಷ್ಟೋ ಆಳ, ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಒಳಗೆ ಇಳಿಯಲು ಅನುಮತಿ ಕೋರಿ ನಿಮ್ಮ ವಿಭಾಗದ ಮುಖ್ಯಸ್ಥರಿಂದ ಈ ವಾರವೇ ಪತ್ರ ಬರೆಸಿ. ಒಪ್ಪಿಗೆ ಬರಲು ವೀಸಾದಷ್ಟೇ ಕಾಲ ಹಿಡಿದರೂ ಆಶ್ಚರ್ಯವಿಲ್ಲ.