ಪೈಥಾನ್ 3.8ರ ಬೆಂಬಲ ಯಾವಾಗ ಕೈಬಿಡಬೇಕು?

ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳಲೆಂದು ಬರೆದ ನಿಮ್ಮ ಲೈಬ್ರರಿಯನ್ನು ಇನ್ನೂ ಪೈಥಾನ್ ಭಾಷೆಯ ಹಳೆಯ 3.8 ಆವೃತ್ತಿಯಲ್ಲಿ ಓಡಿಸಲು ಒದ್ದಾಡುತ್ತಿದ್ದೀರಿ, ಬಿಡಲು ಸರಿಯಾದ ಹೊತ್ತು ಯಾವುದು ಎಂದು ಕೇಳಿದ್ದೀರಿ. ಬಿಡಿ, ಹೊತ್ತು ಬಂದಾಗಿದೆ. ಆದರೆ ಹಳೆಯ ಬಳಕೆದಾರರು ಕೊನೆಯ ಸರಿಯಾದ ಆವೃತ್ತಿಯಲ್ಲೇ ನೆಮ್ಮದಿಯಾಗಿ ಉಳಿಯುವಂತೆ ಮಾಡಿಟ್ಟು ಬಿಡಿ. ನಾನು ಹಾಗೆ ಮಾಡದೆ ಶಿರಸಿಯ ಒಂದು ಅಡಿಕೆ ವಖಾರಿಯ ಕೆಲಸ ನಿಲ್ಲಿಸಿದವನು.

ತಕ್ಕಡಿಯಿಂದ ಸೀರಿಯಲ್ ಕೇಬಲ್ಲಿನಲ್ಲಿ ತೂಕ ಓದಿ, ಚಾಲಿ, ರಾಶಿ, ಕೆಂಪುಗೋಟು ಎಂದು ಅಡಿಕೆಯ ಬಗೆವಾರು ಲೆಕ್ಕ ಹಾಕಿ ಬಿಲ್ಲು ಮಾಡುವ ಸಣ್ಣ ಲೈಬ್ರರಿ ನನ್ನದು. 3.8ರ ಅಧಿಕೃತ ಬೆಂಬಲ ಅಕ್ಟೋಬರ್ 2024ಕ್ಕೆ ಮುಗಿದಿತ್ತು. ಮರು ಮಾರ್ಚಿನಲ್ಲಿ ನಾನೂ ಕೈಬಿಟ್ಟೆ. ಎರಡು ಡಿಕ್ಷನರಿಗಳನ್ನು, ಅಂದರೆ ಹೆಸರು-ಮೌಲ್ಯ ಜೋಡಿಗಳ ಪಟ್ಟಿಗಳನ್ನು, ನಿಂತ ಗೆರೆಯ ಚಿಹ್ನೆಯಿಂದ (|) ಕೂಡಿಸುವುದು 3.9ರಲ್ಲಿ ಬಂದ ಸೌಲಭ್ಯ. ಅದನ್ನು ಬಳಸಿ ಲೈಬ್ರರಿಯ ಹೊಸ ಆವೃತ್ತಿ ಬಿಡುಗಡೆ ಮಾಡಿದೆ. ಯಾವ ಪೈಥಾನ್ ಇದ್ದರೆ ಮಾತ್ರ ಇನ್‌ಸ್ಟಾಲ್ ಆಗಬೇಕು ಎಂದು ಹೇಳುವ 'ರಿಕ್ವೈರ್ಸ್-ಪೈಥಾನ್' ಸಾಲು ತಿದ್ದಲು ಮರೆತೆ. ಹಾಗಾಗಿ 3.8 ಇದ್ದ ವಖಾರಿಯ ಕಂಪ್ಯೂಟರಿಗೂ ಹೊಸದೇ ಹೋಯಿತು.

ಬೆಳಿಗ್ಗೆ ಹತ್ತಕ್ಕೆ ವಖಾರಿಯ ಗುಮಾಸ್ತರ ಫೋನು: "ತಮಾ, ತೂಕ ಬತ್ತು, ಬಿಲ್ಲು ಬತ್ತಿಲ್ಲೆ."

ಡಿಕ್ಷನರಿ ಕೂಡಿಸುವ ಆ ಕೋಡು ಓಡುತ್ತಿದ್ದದ್ದು ಬಿಲ್ಲು ಮುದ್ರಿಸುವಾಗ ಮಾತ್ರ. ಹಾಗಾಗಿ ಪ್ರೋಗ್ರಾಂ ತೆರೆದಿತ್ತು, ತೂಕ ತೋರಿಸಿತ್ತು, ಅಲ್ಲಿಗೆ ಬಂದು ನಿಂತಿತ್ತು. ಹೋಗಿ ನೋಡಿದರೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಖಾಲಿ ಕಾಗದ, ಅಂಗಳದಲ್ಲಿ ಮೂಟೆ ಇಳಿಸಿ ಕೂತ ಬೆಳೆಗಾರರು. ಬಿಲ್ಲಿನ ದುಡ್ಡಿನಲ್ಲೇ ಸಾಮಾನು ಕೊಂಡು ಸಂಜೆಯ ಬಸ್ಸು ಹಿಡಿಯಬೇಕಾದವರು.

ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ 7. ಪೈಥಾನ್ 3.9 ಅದರಲ್ಲಿ ಇನ್‌ಸ್ಟಾಲೇ ಆಗುವುದಿಲ್ಲ. 'ಹೊಸ ಪೈಥಾನ್ ಹಾಕಿಕೊಳ್ಳಿ' ಎಂದರೆ ಅವರಿಗೆ ಹೊಸ ಕಂಪ್ಯೂಟರು ಕೊಳ್ಳಿ ಎಂದೇ ಅರ್ಥ. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು, ಒಂದು ಫೋನಿನಲ್ಲಿ ತಿಳಿಯುವ ವಿಷಯ. ಡೌನ್‌ಲೋಡ್ ಅಂಕಿ ನೋಡಿ ಕೂತರೆ ತಿಳಿಯುವುದಿಲ್ಲ. ಅದರಲ್ಲಿ ಕೋಡನ್ನು ತಾವಾಗಿ ಪರೀಕ್ಷಿಸುವ ಸರ್ವರುಗಳದ್ದೂ ಸೇರಿರುತ್ತದೆ.

ಹಳೆಯ ಆವೃತ್ತಿ ಹಾಕಿ ಕೊಟ್ಟೆ. 'ರಿಕ್ವೈರ್ಸ್-ಪೈಥಾನ್' ಸಾಲು ಸರಿಪಡಿಸಿದ ಇನ್ನೊಂದು ಆವೃತ್ತಿಯನ್ನೂ ಅಂದೇ ಬಿಡುಗಡೆ ಮಾಡಿದೆ. ಅಷ್ಟು ಸಾಲಲಿಲ್ಲ, ಇದನ್ನು ದಯವಿಟ್ಟು ಗಮನಿಸಿ: ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಪಿಪ್, ಪೈಥಾನ್ 3.8ರಲ್ಲಿ ಓಡುವಾಗ ಸರಿಯಾದ ಹೊಸ ಆವೃತ್ತಿಯನ್ನು ಬಿಟ್ಟು ಹಿಂದೆ ಸರಿಯುತ್ತದೆ, ಆದರೆ ಆ ಕೆಟ್ಟ ಆವೃತ್ತಿಗೆ ತಡೆಯೇ ಇಲ್ಲದ್ದರಿಂದ ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. ಪೈಪಿಐ ಎಂಬ ಪೈಥಾನ್ ಲೈಬ್ರರಿಗಳ ಭಂಡಾರದಲ್ಲಿ ಅದನ್ನು 'ಯಾಂಕ್' ಮಾಡಿದ, ಅಂದರೆ ಅದೇ ಆವೃತ್ತಿ ಸಂಖ್ಯೆ ಹೇಳಿ ಕೇಳದ ಹೊರತು ಕೊಡಬೇಡ ಎಂದು ಗುರುತು ಹಾಕಿದ ಮೇಲೆಯೇ ಸರಿಹೋಯಿತು.

ಇನ್ನು ಬೆಂಬಲದ ಗಡುವು ಮುಗಿದ ತಕ್ಷಣ ಬಿಡಲೇಬೇಕೆಂದಿಲ್ಲ, ಅಲ್ಲಿಯವರೆಗೆ ಕಾಯಲೇಬೇಕೆಂದೂ ಇಲ್ಲ. ಲೆಕ್ಕಾಚಾರದ ಹೆಸರಾಂತ ಲೈಬ್ರರಿ ನಂಪೈ (NumPy), ತನ್ನ 1.25 ಆವೃತ್ತಿಯಲ್ಲಿ, ಜೂನ್ 2023ರಲ್ಲೇ 3.8ನ್ನು ಕೈಬಿಟ್ಟಿತು. ನೀವು ನಂಬಿದ ಲೈಬ್ರರಿಗಳು ಬಿಟ್ಟಿದ್ದರೆ, ಹಳೆಯದಕ್ಕೆಂದೇ ಬರೆದ 'ಇಫ್' ಷರತ್ತು‌ಗಳು ಪ್ರತಿ ತಿದ್ದುಪಡಿಗೂ ಅಡ್ಡ ಬರುತ್ತಿದ್ದರೆ, ಬಿಡಿ. ಏನೂ ತೊಂದರೆ ಕೊಡದಿದ್ದರೆ ಇರಲಿ.

3.9ರ ಗಡುವೂ ಅಕ್ಟೋಬರ್ 2025ಕ್ಕೆ ಮುಗಿದಿದೆ. ಅದನ್ನು ನಾನು ಚಾಲಿ ಬರುವ ದಿನಗಳಲ್ಲಿ ಮುಟ್ಟುವುದಿಲ್ಲ. ತೋಟಕ್ಕೆ ಕೊಳೆಮದ್ದು ಹೊಡೆಯುವ ಮಳೆಗಾಲದಲ್ಲಿ, ಗುಮಾಸ್ತರಿಗೆ ಮೊದಲು ಫೋನು ಮಾಡಿ, ಆಮೇಲೆ ಬಿಡುತ್ತೇನೆ.