ವಾಲ್ವ್ ಬದಲಿಸುವ ಮುಂಚೆ ಕೇಳಲೇಬೇಕಿದ್ದ ಪ್ರಶ್ನೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ 27 ವರ್ಷ. ಮದುವೆಯಾಗಿದೆ, ಮಕ್ಕಳಿಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವು, ಜ್ವರ, ಕೀಲು ಬಾವು ಬಂದು ಹೋಗಿತ್ತು. ಆ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ವಾಲ್ವನ್ನು (ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವ ಒಂದು ಕವಾಟ) ಕೆಡಿಸಿತ್ತು. ಹಿಂದೊಮ್ಮೆ ಬಲೂನ್ ಹಾಕಿ ಹಿಗ್ಗಿಸಿದ್ದರು. ಈಗ ವಾಲ್ವ್ ಮತ್ತೆ ಕಿರಿದಾಗಿತ್ತು, ಸೋರುತ್ತಲೂ ಇತ್ತು. ಬದಲಿಸಲೇಬೇಕು ಎಂದಿದ್ದರು ಡಾಕ್ಟರು. ಆಪರೇಷನ್ ಅಂದರೆ ತುಂಬಾ ಹೆದರುತ್ತಾಳೆ ಅಂತ ಮನೆಯವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆತಂದರು.

ಗಂಡ, ಅಣ್ಣ ಇಬ್ಬರೂ ಜೊತೆಗಿದ್ದರು. ಆಯುಷ್ಮಾನ್ ಕಾರ್ಡು, ರಕ್ತ ಕೊಡುವವರು, ರಜೆ, ಎಲ್ಲ ಮಾತೂ ಅವರದೇ. ಯಾವ ವಾಲ್ವ್ ಹಾಕಿಸುತ್ತೀರಿ ಎಂದು ಕೇಳಿದೆ. "ಜಾಸ್ತಿ ವರ್ಷ ಬಾಳಿಕೆ ಬರೋದೇ ಹಾಕ್ಸೋಣ ಅಂತಿದೀವಿ ಮೇಡಂ" ಎಂದರು ಗಂಡ. ಆಕೆ ಮಾತಾಡಲಿಲ್ಲ. ಅವರಿಬ್ಬರಿಗೂ ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ.

"ಇದಾದ್ಮೇಲೆ ನಂಗೆ ಮಗು ಆಗುತ್ತಾ ಮೇಡಂ? ಡಾಕ್ಟ್ರನ್ನ ಹೇಗೆ ಕೇಳ್ಲಿ, ಅಣ್ಣ ಪಕ್ಕದಲ್ಲೇ ಇರ್ತಾನೆ."

ಆಕೆಯ ಹೆದರಿಕೆ ಇದು. ಧೈರ್ಯ ಹೇಳಿದರೆ ಹೋಗುವಂಥದ್ದಲ್ಲ. ಯಾಕಂದ್ರೆ ಈ ಪ್ರಶ್ನೆಯ ಮೇಲೆಯೇ ವಾಲ್ವಿನ ಆಯ್ಕೆ ನಿಂತಿದೆ.

ಲೋಹದ ವಾಲ್ವ್ ದಶಕಗಟ್ಟಲೆ ಬಾಳುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ, 1990ರಿಂದ ರೋಗಿಗಳಿಗೆ ಹಾಕುತ್ತಿರುವ ಚಿತ್ರಾ ವಾಲ್ವ್ ಈ ಬಗೆಯದೇ. ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು, ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು) ಮಾಡಿಸುತ್ತಲೇ ಇರಬೇಕು. ಆ ಮಾತ್ರೆ ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿಗೆ ಹಾನಿ ಮಾಡಬಹುದು. ಹಾಗಂತ ಬಸುರಿ ಎಂದು ಗೊತ್ತಾದ ಕೂಡಲೇ ತಾವೇ ನಿಲ್ಲಿಸಿದರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಿ ತಾಯಿಯ ಜೀವಕ್ಕೇ ಅಪಾಯ. ಪ್ರಾಣಿಯ ಅಂಗಾಂಶದ ವಾಲ್ವಿಗೆ ಈ ಮಾತ್ರೆ ಸಾಮಾನ್ಯವಾಗಿ ಕೆಲವು ತಿಂಗಳು ಸಾಕು. ಆದರೆ ಚಿಕ್ಕ ವಯಸ್ಸಿನವರಲ್ಲಿ ಅದು ಬೇಗ ಸವೆಯುತ್ತದೆ, ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಅದನ್ನು ಹಸು ಇಲ್ಲವೇ ಹಂದಿಯ ಅಂಗಾಂಶದಿಂದ ಮಾಡುತ್ತಾರೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಆಮೇಲೆ ಗೊತ್ತಾಗಿ ಕೊರಗುವವರನ್ನು ನೋಡಿದ್ದೇನೆ.

ಯಾವುದು ಒಳ್ಳೆಯದು ಎಂದು ನಾನು ಹೇಳಲಿಲ್ಲ, ಅದು ನನ್ನ ಕೆಲಸವಲ್ಲ. ಸರ್ಜನ್ ಮತ್ತು ಹೆರಿಗೆ ಡಾಕ್ಟರ ಮುಂದೆ ಗಂಡನ ಜೊತೆ ಕೂತು, ಮಗು ಬೇಕು ಅಂತ ಬಾಯಿಬಿಟ್ಟು ಹೇಳಿ ಎಂದೆ. ಅಣ್ಣ ಆ ಹೊತ್ತು ಹೊರಗಿರಲಿ. ಹೇಳಲು ನಾಲಿಗೆ ಏಳದಿದ್ದರೆ ಚೀಟಿಯಲ್ಲಿ ಬರೆದುಕೊಡಿ.

ಹಲ್ಲು ಹುಳುಕಾಗಿದೆ ಎಂದು ಮಾತಿನ ನಡುವೆ ಹೇಳಿದಳು. ಮೊದಲು ಅದನ್ನು ತೋರಿಸಿ ಎಂದೆ. ಬಾಯಿಯ ಸೋಂಕು ರಕ್ತದ ಮೂಲಕ ಹೊಸ ವಾಲ್ವಿಗೆ ಹತ್ತಬಹುದು.

ಐಸಿಯು ಬಗ್ಗೆಯೂ ಮಾತಾಡಿದೆವು. ಎಚ್ಚರವಾದಾಗ ಗಂಟಲಲ್ಲಿ ಉಸಿರಾಟದ ನಳಿಕೆ ಇರಬಹುದು, ಇದ್ದರೆ ಮಾತು ಹೊರಡುವುದಿಲ್ಲ. ಮೊದಲೇ ತಿಳಿದಿದ್ದರೆ ಗಾಬರಿ ಎಷ್ಟೋ ಕಡಿಮೆ. ನೋವಿದ್ದರೆ ಯಾವ ಸನ್ನೆ ಮಾಡಬೇಕೆಂದು ನರ್ಸನ್ನು ಕೇಳಿಟ್ಟುಕೊಳ್ಳಿ ಎಂದೆ. ಕೆಮ್ಮುವಾಗ ಎದೆಗೆ ದಿಂಬು ಅವುಚಿಕೊಳ್ಳಬೇಕು. ಆಪರೇಷನ್ನಿಗೆ ಸೀಳಿದ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಬಿಂದಿಗೆ, ಸಿಲಿಂಡರ್ ಮುಟ್ಟುವಂತಿಲ್ಲ. ಈ ಮಾತನ್ನು ಗಂಡನ ಎದುರಿಗೇ ಹೇಳಿದೆ. ಮನೆ ಕೆಲಸ ಯಾರು ಮಾಡುತ್ತಾರೆ ಅಂತ ಆಗಲೇ ತೀರ್ಮಾನ ಆಗಬೇಕಿತ್ತು.

ಮುಂದಿನ ವಾರ ಆಕೆ ಸರ್ಜನ್ನರನ್ನು ತಾನೇ ಕೇಳಿದಳು. ಎಲ್ಲ ತಿಳಿದುಕೊಂಡು, ಎರಡನೇ ಆಪರೇಷನ್ ಬರಬಹುದು ಎಂಬುದನ್ನೂ ಒಪ್ಪಿಕೊಂಡು, ಅಂಗಾಂಶದ ವಾಲ್ವ್ ಆರಿಸಿಕೊಂಡಳು. "ಇವಳಿಗೆ ಇಷ್ಟು ಆಸೆ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದರು ಗಂಡ. ವಾಲ್ವ್ ಬದಲಾದರೂ, ರುಮ್ಯಾಟಿಕ್ ಜ್ವರ ಮರುಕಳಿಸದಂತೆ ತಡೆಯುವ ಪೆನಿಸಿಲಿನ್ ಇಂಜೆಕ್ಷನ್ ಬಿಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅದರ ತಾರೀಖು ನೋಡಿಕೊಳ್ಳುವ ಹೊಣೆ ಈಗ ಗಂಡನದು.